ಮಟಮಟ ಮಧ್ಯಾಹ್ನ ಕೈಕೊಟ್ಟ ಸೋಲಾರ್

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ತೋಟದ ನಡುವೆ. ಮಾಡಿನ ಮೇಲೆ ದಿನವಿಡೀ ತೆಂಗಿನ ನೆರಳು. ಹಾಗಾಗಿ 2024ರಲ್ಲಿ ಸೋಲಾರ್ ಹಾಕಿಸುವಾಗ ಗುಡ್ಡೆ ಬದಿಯ ಅಡಿಕೆ ಶೆಡ್ಡಿನ ಮೇಲೆ ಕೂರಿಸಿದೆವು. 540 ವಾಟಿನ ಆರು ಪ್ಯಾನೆಲ್, ಮೂರು ಕಿಲೋವಾಟಿಗಿಂತ ತುಸು ಮೇಲೆ. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಬಂತು. ಬ್ಯಾಟರಿ ಇಲ್ಲ. ಹಗಲು ಉಳಿದದ್ದು ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ. ಮೀಟರು ಎರಡನ್ನೂ ಬರೆದಿಡುತ್ತದೆ.

ಮಳೆ ಕಳೆದ ಮೇಲೆ ದಿನಕ್ಕೆ 12 ಯೂನಿಟ್ ಆದೀತು ಅಂತ ಕಾದಿದ್ದೆ. ಎಂಟು ದಾಟಲಿಲ್ಲ. ಮೊಬೈಲಿನಲ್ಲಿ ಗ್ರಾಫ್ ನೋಡಿದರೆ ಬೆಳಗ್ಗೆ ಚಂದಕ್ಕೆ ಏರುತ್ತದೆ, ಹನ್ನೊಂದೂವರೆಗೆ ದೊಪ್ಪನೆ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಥೇಟ್ ಗರಗಸದ ಹಲ್ಲು. ಹಾಕಿದವರನ್ನು ಕೇಳಿದರೆ "ಲೈನಿನಲ್ಲಿ ವೋಲ್ಟೇಜ್ ಜಾಸ್ತಿ, ನಾವೇನು ಮಾಡುವುದು" ಅಂದರು.

ಒಂದು ಮಧ್ಯಾಹ್ನ ಮಲ್ಟಿಮೀಟರ್ ಹಿಡಿದು ನಾನೇ ಹೊರಟೆ. ಮನೆಯ ಮೀಟರ್ ಬೋರ್ಡಿನಲ್ಲಿ 244 ವೋಲ್ಟ್. ಶೆಡ್ಡಿಗೆ ಓಡಿ, ಪ್ಯಾನೆಲಿನ ಕರೆಂಟನ್ನು ಲೈನಿಗೆ ಹೊಂದಿಸಿ ಕೊಡುವ ಇನ್ವರ್ಟರಿನ ಬುಡದಲ್ಲಿ ನೋಡಿದರೆ 254! ಅದಕ್ಕೆ ಇಟ್ಟ ಮಿತಿ 253. ದಾಟಿದ ಕೂಡಲೇ ಆಫ್.

ಕರೆಂಟು ಶೆಡ್ಡಿನಿಂದ ಲೈನಿಗೆ ಹರಿಯಬೇಕಾದರೆ ಶೆಡ್ಡಿನ ಕಡೆ ವೋಲ್ಟೇಜ್ ತುಸು ಮೇಲಿರಬೇಕು, ನೀರಿನ ಹಾಗೆಯೇ. ವಯರು ಸಪುರವಾದಷ್ಟು, ಉದ್ದವಾದಷ್ಟು ಆ ಏರು ಜಾಸ್ತಿ. ಸೋಲಾರ್ ಹಾಕಿದವರು ಶೆಡ್ಡಿನಿಂದ ಮನೆಗೆ ಎಳೆದದ್ದು 60 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ. ತೆಗೆಸಿ 10 ಸ್ಕ್ವೇರ್ ಎಂಎಂ ಹಾಕಿಸಿದೆ. ಹತ್ತು ವೋಲ್ಟಿನ ಏರು ಮೂರಕ್ಕೆ ಇಳಿಯಿತು. ಖರ್ಚು ನನ್ನದೇ, ಬಿಡಿ.

ಆದರೆ ಮೀಟರ್ ಬೋರ್ಡಿನಲ್ಲೇ 244 ಯಾಕೆ? ರಾತ್ರಿ ಎಂಟಕ್ಕೆ ಅಲ್ಲೇ ಅಳೆದೆ. 212. ನಮ್ಮ ಟ್ರಾನ್ಸ್‌ಫಾರ್ಮರಿನಲ್ಲಿ ಇನ್ನೂ ನಾಲ್ಕು ಮನೆಗೆ ಸೋಲಾರ್ ಇದೆ. ಹಗಲು ಎಲ್ಲರೂ ಒಟ್ಟಿಗೆ ತಳ್ಳುತ್ತೇವೆ, ರಾತ್ರಿ ಎಲ್ಲರೂ ಒಟ್ಟಿಗೆ ಎಳೆಯುತ್ತೇವೆ. ಲೈನ್ ಎಳೆದ ಕಾಲದಲ್ಲಿ ಕರೆಂಟು ಬರುವುದಷ್ಟೇ ಲೆಕ್ಕ, ಇಲ್ಲಿಂದ ವಾಪಸ್ ಹೋದೀತು ಅಂತ ಯಾರು ಎಣಿಸಿದ್ದರು?

ನಮ್ಮ ಕೇರಳದಲ್ಲಿ ಸಂಜೆ 6ರಿಂದ 10 ಪೀಕ್, ಅಂದರೆ ಕರೆಂಟಿಗೆ ಬೇಡಿಕೆ ಜಾಸ್ತಿ. ಹೊರಗಿನಿಂದ ದುಬಾರಿ ಕರೆಂಟು ತರುವ ಹೊತ್ತು. ನಾವು ಮಧ್ಯಾಹ್ನದ ಯೂನಿಟ್ ಕೊಟ್ಟು ಸಂಜೆಯ ಯೂನಿಟ್ ಕೇಳುವುದೆಂದರೆ, ಹಸಿ ಅಡಿಕೆ ಕೊಟ್ಟು ಅಷ್ಟೇ ತೂಕದ ಚಾಲಿ, ಒಣಗಿಸಿ ಸುಲಿದ ಅಡಿಕೆ, ಕೇಳಿದ ಹಾಗೆ. ನನಗೆ ಲಾಭವೇ. ಆದರೆ ಮನೆಮನೆಯಲ್ಲೂ ಸೋಲಾರ್ ಬಂದರೆ ನಡೆಯುವ ವ್ಯಾಪಾರ ಅಲ್ಲ ಅದು.

ಅದಕ್ಕೇ ಮನೆಯ ಪಂಪು, ವಾಷಿಂಗ್ ಮಷೀನು, ಇಸ್ತ್ರಿ ಎಲ್ಲ ಹನ್ನೊಂದರಿಂದ ಎರಡರ ಒಳಗೆ ಮುಗಿಸುತ್ತೇವೆ. ಗ್ರೈಂಡರ್ ಮಾತ್ರ ಆಗಲಿಲ್ಲ. ಮಧ್ಯಾಹ್ನ ಅರೆದ ದೋಸೆ ಹಿಟ್ಟು ಬೆಳಗ್ಗೆಗೆ ಹುಳಿ ಹುಳಿ.

ನಮ್ಮ ಜಿಲ್ಲೆಯಲ್ಲೇ ಪೊಯಿನಾಚಿ ಹತ್ತಿರದ ಮೈಲಾಟ್ಟಿಗೆ 125 ಮೆಗಾವಾಟಿನ ಬ್ಯಾಟರಿ ಯೋಜನೆ ಇದೆ. 500 ಮೆಗಾವಾಟ್ ಅವರ್, ಅಂದರೆ ಪೂರ್ತಿ ಬಲದಲ್ಲಿ ನಾಲ್ಕು ಗಂಟೆ. ಸಂಜೆ ಆರರಿಂದ ಹತ್ತು, ಸರಿಯಾಯಿತಲ್ವಾ? ನಾನೂ ಐದು ಯೂನಿಟ್ ಹಿಡಿಯುವ ಬ್ಯಾಟರಿಗೆ ರೇಟು ಕೇಳಿದ್ದೇನೆ. ಈಗ ಲೈನ್ ಹೋದರೆ ಸುಡುಬಿಸಿಲಲ್ಲೂ ನಮ್ಮಲ್ಲಿ ಫ್ಯಾನ್ ತಿರುಗುವುದಿಲ್ಲ. ಕಂಬ ಹತ್ತಿದ ಲೈನ್‌ಮ್ಯಾನಿಗೆ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ನಿಲ್ಲುತ್ತದೆ. ಬ್ಯಾಟರಿ ಬೇಕಾದರೆ ಇನ್ವರ್ಟರೂ ಹೈಬ್ರಿಡ್, ಅಂದರೆ ಲೈನು ಬ್ಯಾಟರಿ ಎರಡನ್ನೂ ನಡೆಸುವಂಥದ್ದು, ಆಗಬೇಕಂತೆ. ಅಡಿಕೆ ಮಾರಿದ ಮೇಲೆ ನೋಡುವುದು.