ಗೌಡರು ಅತ್ತಿರಲಿಲ್ಲ, ಅತ್ತರು ಅಂತ ಟೈಟಲ್ ಬರೆದದ್ದು ನಾನು

ನಮ್ಮದು ಕೊಪ್ಪ ತಾಲೂಕಿನ ಒಂದು ಹಳ್ಳಿ. ತೋಟದ ಕೆಲಸಗಳ ಬಗ್ಗೆ ಯೂಟ್ಯೂಬ್‌ನಲ್ಲಿ ವಿಡಿಯೊ ಮಾಡುತ್ತೇನೆ. 2022ರಲ್ಲಿ ಎಲೆಚುಕ್ಕಿ ರೋಗ ಮಲೆನಾಡಿನ ಅಡಿಕೆ ತೋಟಗಳಲ್ಲಿ ಜೋರಾಗಿ ಹಬ್ಬಿತು. ಆಗ ಪಕ್ಕದ ಊರಿನ ಗೌಡರೊಬ್ಬರ ತೋಟಕ್ಕೆ ಕ್ಯಾಮೆರಾ ಹಿಡಿದು ಹೋದೆ. ನಲವತ್ತು ವರ್ಷ ಅಡಿಕೆ ಬೆಳೆದವರು ಅವರು. ರೋಗ ಬಂದ ಸೋಗೆ (ಅಡಿಕೆ ಮರದ ಗರಿ) ಕಡಿದು ಸುಡಬೇಕು, ಔಷಧಿ ಗೊನೆಗಷ್ಟೇ ಅಲ್ಲ ಸೋಗೆಗೂ ಬೀಳಬೇಕು, ಅಕ್ಕಪಕ್ಕದ ತೋಟದವರೂ ಒಟ್ಟಿಗೆ ಹೊಡೆಯಬೇಕು ಅಂತ ನಿಧಾನವಾಗಿ ತೋರಿಸಿದರು. ಮಧ್ಯದಲ್ಲಿ ಒಂದು ಮಾತು ಬಂತು: "ಹೀಗೇ ಬಿಟ್ಟರೆ ತೋಟ ಹೋಯ್ತು ಅಂತಲೇ ಲೆಕ್ಕ."

ಮನೆಗೆ ಬಂದು ಎಡಿಟ್ ಮಾಡುವಾಗ ಆ ಮಾತಿನ ಅರ್ಧವನ್ನಷ್ಟೇ ಹಿಡಿದೆ. ಟೈಟಲ್ ಹೀಗಿಟ್ಟೆ: "ತೋಟ ಹೋಯ್ತು! ಕಣ್ಣೀರಿಟ್ಟ ಅಡಿಕೆ ಬೆಳೆಗಾರ". ಗೌಡರು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದ ಒಂದು ಕ್ಷಣವನ್ನು ತಂಬ್‌ನೇಲ್‌ಗೆ, ಅಂದರೆ ವಿಡಿಯೊ ತೆರೆಯುವ ಮೊದಲು ಕಾಣುವ ಚಿತ್ರಕ್ಕೆ, ಹಾಕಿದೆ. ನೋಡಿದರೆ ಅಳುತ್ತಿದ್ದಾರೆ ಅನ್ನಿಸಬೇಕು, ನನಗೆ ಬೇಕಿದ್ದದ್ದು ಅದೇ. ಜಾಹೀರಾತಿನ ಹಣ ಬರಲು 1,000 ಸಬ್‌ಸ್ಕ್ರೈಬರ್ಸ್ ಮತ್ತು ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕಿತ್ತು. ನಾನು ಆ ಗಡಿಯ ಹತ್ತಿರ ಬಂದು ನಿಂತಿದ್ದೆ.

ವ್ಯೂಸ್ ಬಂದವು. ಅಲ್ಲಿಯವರೆಗೆ ನಮ್ಮ ಯಾವ ವಿಡಿಯೊಗೂ ಬಾರದಷ್ಟು ಬಂದವು. ಎರಡು ದಿನ ನಿದ್ದೆಯಲ್ಲೂ ಫೋನ್ ನೋಡಿದೆ.

ಮೂರನೇ ದಿನ ಸ್ಟುಡಿಯೊ ಆ್ಯಪ್‌ನಲ್ಲಿ ಜನ ಎಲ್ಲಿಯವರೆಗೆ ನೋಡುತ್ತಾರೆ ಅನ್ನೋ ಗ್ರಾಫ್ ತೆಗೆದೆ. ಮೊದಲ ಅರ್ಧ ನಿಮಿಷದಲ್ಲೇ ಗೆರೆ ಬಂಡೆಯಿಂದ ನೀರು ಧುಮುಕಿದ ಹಾಗೆ ಕೆಳಗೆ ಬಿದ್ದಿತ್ತು. ಅಳುವ ರೈತನನ್ನು ನೋಡಲು ಬಂದವರಿಗೆ ಸೋಗೆ ಕಡಿಯುವ ಪಾಠ ಯಾಕೆ ಬೇಕು? ಹೊರಟುಹೋದರು. ನಿಜವಾಗಿ ಔಷಧಿಯ ಮಾಹಿತಿ ಬೇಕಿದ್ದ ಬೆಳೆಗಾರರು ಆ ಟೈಟಲ್ ನೋಡಿ ಒಳಗೇ ಬರಲಿಲ್ಲ. 2012ರಿಂದಲೇ ಯೂಟ್ಯೂಬ್ ಬರೀ ಕ್ಲಿಕ್ಕಿಗಿಂತ ಎಷ್ಟು ಹೊತ್ತು ನೋಡಿದರು ಅನ್ನೋದಕ್ಕೆ ಜಾಸ್ತಿ ಬೆಲೆ ಕೊಡುತ್ತಿದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಮುಂದಿನ ನಾಲ್ಕೈದು ವಿಡಿಯೊಗಳನ್ನು ನಮ್ಮ ಹಳೇ ವೀಕ್ಷಕರೂ ಸರಿಯಾಗಿ ತೆರೆಯಲಿಲ್ಲ.

ಆದರೆ ಇದನ್ನು ಬರೆಯುತ್ತಿರುವುದು ಆ ಗ್ರಾಫಿಗಾಗಿ ಅಲ್ಲ.

ಆ ವಾರ ಗೌಡರ ಫೋನ್ ಬಂತು. "ಅಲ್ಲ ಮಾರಾಯ, ನಾನು ಯಾವಾಗ ಅತ್ತೆ?" ಅಂದರು. ಧ್ವನಿ ಏರಿಸಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಗಾಬರಿಯಾಗಿ ಫೋನ್ ಮಾಡಿದ್ದಳಂತೆ. ನೆಂಟರು ಸಮಾಧಾನ ಹೇಳಲು ಮನೆಗೇ ಬಂದಿದ್ದರಂತೆ. ಆಮೇಲೆ ಹೇಳಿದ ವಿಷಯ ಕೇಳಿ ನನ್ನ ಕೈ ತಣ್ಣಗಾಯಿತು. ಅವರು ಪ್ರತಿ ವರ್ಷ ಫಸಲನ್ನು ಚೇಣಿಗೆ ಕೊಡುತ್ತಾರೆ, ಅಂದರೆ ಮರದಲ್ಲಿರುವಾಗಲೇ ರೇಟು ಮಾತಾಡಿ ಒಬ್ಬರಿಗೆ ಒಪ್ಪಿಸುತ್ತಾರೆ. ಚೇಣಿದಾರ ಬಂದವನು ಫೋನಿನಲ್ಲಿ ನನ್ನ ವಿಡಿಯೊ ತೋರಿಸಿ, "ತೋಟ ಹೋಗಿದೆ ಅಂತ ನೀವೇ ಹೇಳಿದ್ದೀರಲ್ಲ" ಅಂತ ರೇಟು ಇಳಿಸಿ ಮಾತಾಡಿದನಂತೆ. ಅವರ ತೋಟದಲ್ಲಿ ರೋಗ ಇದ್ದದ್ದು ಒಂದು ಮೂಲೆಯ ಕೆಲವು ಮರಗಳಿಗೆ ಮಾತ್ರ.

ತಕ್ಷಣ ಟೈಟಲ್, ತಂಬ್‌ನೇಲ್ ಎರಡನ್ನೂ ಬದಲಿಸಿದೆ. ಅದು ಎರಡು ನಿಮಿಷದ ಕೆಲಸ. ಆದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಷ್ಟರೊಳಗೆ ಹಂಚಿಕೆಯಾಗಿದ್ದ ಲಿಂಕಿನ ಕೆಳಗೆ ಹಳೇ ಫೋಟೊ, ಹಳೇ ಸಾಲು ಹಾಗೇ ಉಳಿದಿತ್ತು. ಅದನ್ನು ನಾನು ಅಳಿಸಲು ಆಗುವುದಿಲ್ಲ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಮೊದಲು ಕಾಫಿ ಕುಡಿ" ಅಂದರು ಅವರ ಮನೆಯವರು. ನಿಜ ಏನು ಅಂತ ಹೇಳಿ ಇನ್ನೊಂದು ವಿಡಿಯೊ ಹಾಕಿದೆ. ಮೊದಲನೆಯದನ್ನು ನೋಡಿದವರಲ್ಲಿ ಹತ್ತಕ್ಕೆ ಒಬ್ಬರೂ ಅದನ್ನು ನೋಡಲಿಲ್ಲ. ಚೇಣಿ ಕೊನೆಗೆ ಕಡಿಮೆ ರೇಟಿಗೇ ಮುಗಿಯಿತು.

2024ರ ಡಿಸೆಂಬರಿನಲ್ಲಿ, ಟೈಟಲ್ ಮತ್ತು ತಂಬ್‌ನೇಲ್‌ನಲ್ಲಿ ಇಲ್ಲದ್ದನ್ನು ಹೇಳಿ ದಾರಿ ತಪ್ಪಿಸುವ ವಿಡಿಯೊಗಳ ಮೇಲೆ ಭಾರತದಲ್ಲಿ ಕ್ರಮ ಬಿಗಿ ಮಾಡುತ್ತೇವೆ ಅಂತ ಯೂಟ್ಯೂಬ್ ಹೇಳಿತು. ಒತ್ತು ಇದ್ದದ್ದು ಮುಖ್ಯವಾಗಿ ಬ್ರೇಕಿಂಗ್ ನ್ಯೂಸ್, ಪ್ರಚಲಿತ ವಿಷಯಗಳ ಮೇಲೆ. ಒಳ್ಳೆಯದೇ. ಆದರೆ ನಮ್ಮಂಥ ಸಣ್ಣ ಚಾನೆಲ್ಲು ಒಬ್ಬ ಬೆಳೆಗಾರನ ಮಾತನ್ನು ಅರ್ಧಕ್ಕೆ ಕತ್ತರಿಸಿದರೆ ಅದನ್ನು ಯಾರು ಹಿಡಿಯುತ್ತಾರೆ? ನಾವೇ ಹಿಡಿಯಬೇಕು.

ಈಗ ನಾನು ಟೈಟಲ್ ಬರೆದ ಮೇಲೆ ವಿಡಿಯೊದಲ್ಲಿ ಇರುವವರಿಗೆ ಫೋನ್ ಮಾಡಿ ಓದಿ ಹೇಳುತ್ತೇನೆ. ತಂಬ್‌ನೇಲ್ ಕಳಿಸುತ್ತೇನೆ. ಅವರು ಹೂಂ ಅಂದ ಮೇಲೇ ಅಪ್‌ಲೋಡ್. ಟೈಟಲ್‌ಗೆ 100 ಅಕ್ಷರ ಜಾಗ ಇದ್ದರೂ ಫೋನಿನಲ್ಲಿ ಪೂರ್ತಿ ಕಾಣುವುದಿಲ್ಲ. ಹಾಗಾಗಿ ರೋಗದ ಹೆಸರು, ಔಷಧಿಯ ಹೆಸರು ಮೊದಲೇ ಬರುತ್ತವೆ. ಟೈಟಲ್‌ನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಮೊದಲ ನಿಮಿಷದಲ್ಲೇ ಬರುವ ಹಾಗೆ ಎಡಿಟ್ ಮಾಡುತ್ತೇನೆ. ಕುತೂಹಲ ಹುಟ್ಟಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ವಿಡಿಯೊ ಒಳಗೆ ಆ ಕುತೂಹಲಕ್ಕೆ ತಕ್ಕದ್ದು ಇರಬೇಕು, ಅಷ್ಟೇ.

ಎರಡು ವರ್ಷ ಆದ ಮೇಲೆ ಗೌಡರೇ ಕರೆದರು. ಮಳೆ ಹಿಡಿಯುವ ಮೊದಲು, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದನ್ನು ತೋರಿಸುತ್ತೇನೆ ಅಂದರು. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕು ಕೆಂಪಗಾದರೆ ಸುಣ್ಣ ಸಾಲಲಿಲ್ಲ ಅಂತ. "ಚಾಕು ಕೆಂಪಾದರೆ ಔಷಧಿ ಹೊಡೆಯಬೇಡಿ" ಅಂತ ಟೈಟಲ್ ಇಡೋಣವಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿದರು. "ಬೋರ್ಡೋ ಅನ್ನೋ ಮಾತು ಮುಂದೆ ಹಾಕು. ಹುಡುಕುವವರಿಗೆ ಸಿಗಬೇಕಲ್ಲ" ಅಂದರು.

ಹಾಗೇ ಹಾಕಿದ್ದೇನೆ.