ಗಂಟೆಗೆ 38: ನಮ್ಮ ಶೆಡ್ಡಿನಲ್ಲಿ ಟಾರ್ಗೆಟ್ ಲೆಕ್ಕ ಕೊನೆಗೂ ಕೂತದ್ದು ಹೀಗೆ

ಆರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್ ಇರುವ ಪೀಣ್ಯದ ಶೆಡ್ಡಿಗೆ ಓಇಇ (ಮೆಷಿನ್ನಿನಿಂದ ಬರಬಹುದಾದ ಒಳ್ಳೆ ಪೀಸಿನಲ್ಲಿ ಶೇಕಡಾ ಎಷ್ಟು ಬಂತು ಅನ್ನುವ ಲೆಕ್ಕ) ಯಾಕೆ, ಅದೆಲ್ಲ ದೊಡ್ಡ ಕಂಪನಿಗಳ ಶೋಕಿ ಅಂದವರೇ ಜಾಸ್ತಿ. ಈಗ ಅದೇ ಮೆಷಿನ್, ಅದೇ ಆಪರೇಟರು, ಶಿಫ್ಟಿಗೆ 140ರ ಆಸುಪಾಸು ಬರುತ್ತಿದ್ದ ಒಳ್ಳೆ ಪೀಸು 190 ಮುಟ್ಟುತ್ತಿದೆ. ಖರ್ಚು ಹತ್ತು ಸಾವಿರದೊಳಗೆ. ಅದಕ್ಕೆ ಮುಂಚೆ ದಂಡ ತೆತ್ತದ್ದು ಬೇರೆ.

ಮೊದಲ ತಪ್ಪು ಟಾರ್ಗೆಟ್ಟಿನಲ್ಲೇ ಇತ್ತು. ಕೆಲಸ ಫೋರ್ಜಿಂಗ್ (ಬಡಿದು ಮಾಡಿದ ಕಬ್ಬಿಣದ) ಫ್ಲೇಂಜಿನದು: ಬೋರು, ಅಂದರೆ ನಡುವಿನ ತೂತು ಕೊರೆಯುವುದು, ಮತ್ತು ಫೇಸಿಂಗ್, ಅಂದರೆ ಮುಖ ಸಮ ಮಾಡುವುದು. ಸ್ಕ್ರೀನ್ ಮೇಲೆ ಸೈಕಲ್ ಟೈಮ್ 78 ಸೆಕೆಂಡು. ಊಟ, ಟೀ ಕಳೆದು ಉಳಿಯುವ 430 ನಿಮಿಷಕ್ಕೆ ಅದನ್ನೇ ಹಿಡಿದು 330 ಎಂದು ಬರೆದಿದ್ದೆ. ಚಕ್ (ಪೀಸು ಹಿಡಿಯುವ ಭಾಗ) ಬಿಚ್ಚಿ, ಗಾಳಿ ಹೊಡೆದು, ಅದರ ಜಾ (ಹಿಡಿಯುವ ಹಲ್ಲು) ಒರೆಸಿ, ಹೊಸ ಪೀಸು ಹಿಡಿಸುವ ಹೊತ್ತು ಎಲ್ಲಿಂದ ಬರಬೇಕು? ಮುಟ್ಟಲಾಗದ ಸಂಖ್ಯೆ ಕಂಡರೆ ಆಪರೇಟರ್ 150ಕ್ಕೇ ಕೈಚೆಲ್ಲುತ್ತಾನೆ. ಬಾಗಿಲು ಮುಚ್ಚಿದ್ದರಿಂದ ಮತ್ತೆ ಬಾಗಿಲು ಮುಚ್ಚುವವರೆಗೆ ಸ್ಟಾಪ್‌ವಾಚಿನಲ್ಲಿ 20 ಪೀಸು ಅಳೆದಾಗ ಸಿಕ್ಕಿದ್ದು 95 ಸೆಕೆಂಡು. ಬಿಡುವಿಲ್ಲದ ಐದು ಗಂಟೆಗೆ ತಲಾ 38, ಟೀ ಇರುವ ಎರಡು ಗಂಟೆಗೆ ತಲಾ 31, ಊಟದ ಗಂಟೆಗೆ 19. ಒಟ್ಟು 271. ಟೀ ಗಂಟೆಗೂ 38 ಬರೆದರೆ ಆಪರೇಟರ್ ಮೊದಲ ದಿನವೇ ಬೋರ್ಡನ್ನು ನಂಬುವುದು ಬಿಡುತ್ತಾನೆ.

ಎರಡನೇ ದಂಡ, ಮೆಷಿನ್ನಿಗೆ ಹದಿನೆಂಟು ಸಾವಿರದಂತೆ ಎರಡಕ್ಕೆ ಹಾಕಿಸಿದ ಐಓಟಿ ಡಬ್ಬ, ಅಂದರೆ ಎಣಿಕೆಯನ್ನು ಮೊಬೈಲಿಗೆ ಕಳಿಸುವ ಉಪಕರಣ. ಮೆಷಿನ್ ಓಡುತ್ತಿದೆಯೋ ನಿಂತಿದೆಯೋ ತೋರಿಸುವ ಟವರ್ ಲ್ಯಾಂಪಿನ ಹಸಿರು ದೀಪದ 24 ವೋಲ್ಟ್ ಸಿಗ್ನಲ್ ನೋಡಿ ಎಣಿಸುತ್ತಿತ್ತು. ಬೆಳಗಿನ ವಾರ್ಮಪ್, ಆಫ್‌ಸೆಟ್ (ಟೂಲಿನ ಅಳತೆ ತಿದ್ದುಪಡಿ) ಕೊಟ್ಟು ಅದೇ ಪೀಸನ್ನು ಮತ್ತೆ ಓಡಿಸಿದ್ದು, ಎಲ್ಲವೂ ಅದಕ್ಕೆ ಪೀಸೇ. ಬಿನ್ನಿನಲ್ಲಿ 160, ಮೊಬೈಲಿನಲ್ಲಿ 188. ಫ್ಯಾನುಕ್ ಕಂಪನಿಯ ಕಂಟ್ರೋಲರ್ (ಮೆಷಿನ್ ನಡೆಸುವ ಕಂಪ್ಯೂಟರ್) ಇದ್ದವರಿಗೆ ಡಬ್ಬವೇ ಬೇಡ. ಪ್ಯಾರಾಮೀಟರ್ 6700ರ 0ನೇ ಬಿಟ್ 1 ಮಾಡಿ, 6710ರಲ್ಲಿ ಬೇರೆ ಎಂ ಕೋಡ್ (ಮೆಷಿನ್ನಿಗೆ ಕೊಡುವ ಆಜ್ಞೆಯ ಸಂಖ್ಯೆ) ಕೊಟ್ಟರೆ ಪ್ರೋಗ್ರಾಮ್ ಮುಗಿಸುವ ಎಂ30ಕ್ಕೆ ಎಣಿಕೆ ಏರುವುದಿಲ್ಲ, ಆ ಕೋಡಿಗೆ ಮಾತ್ರ ಏರುತ್ತದೆ. ಪ್ರೋಗ್ರಾಮಿನ ಕೊನೆಯಲ್ಲಿ ಅದನ್ನು ಮುಂದೆ ಓರೆಗೆರೆ (/) ಹಾಕಿ ಬರೆಯಿರಿ. ಟ್ರಯಲ್ ಓಡಿಸುವಾಗ ಬ್ಲಾಕ್ ಸ್ಕಿಪ್ ಒತ್ತಿದರೆ ಓರೆಗೆರೆಯ ಸಾಲನ್ನು ಮೆಷಿನ್ ಬಿಟ್ಟುಬಿಡುತ್ತದೆ, ಎಣಿಕೆ ಇಲ್ಲ. ಲ್ಯಾಡರ್ (ಮೆಷಿನ್ ತಯಾರಕರು ಒಳಗೆ ಬರೆದಿಟ್ಟ ಪ್ರೋಗ್ರಾಮ್) ಒಪ್ಪದ ಕೋಡ್ ಕೊಟ್ಟರೆ ಮೆಷಿನ್ ಅಲ್ಲೇ ಕಾಯುತ್ತ ನಿಲ್ಲುತ್ತದೆ, ಹುಷಾರು.

ನಡುವೆ ಸ್ಕ್ರಾಪ್ ತೂಗಿ ಪೀಸು ಲೆಕ್ಕ ಹಾಕುವ ಹುಚ್ಚೂ ಆಯಿತು. ಪೀಸಿಗೆ ಸುಮಾರು 330 ಗ್ರಾಂ ಚಿಪ್ಸು, 200 ಪೀಸಿಗೆ 66 ಕೆಜಿ ಬರಬೇಕು. ಕೂಲಂಟ್ ಅಂಟಿಕೊಂಡು ಒಂದು ದಿನ 70, ಇನ್ನೊಂದು ದಿನ 74. ಬಿಟ್ಟೆ.

ಕೆಲಸ ಮಾಡಿದ್ದು ಸಾವಿರದೈನೂರು ರೂಪಾಯಿಯ ಬಿಳಿ ಬೋರ್ಡು. ಐದು ಕಾಲಂ: ಗಂಟೆ, ಟಾರ್ಗೆಟ್, ಆದದ್ದು, ಒಟ್ಟಿನಲ್ಲಿ ಎಷ್ಟು ಹಿಂದೆ ಬಿದ್ದಿದೆ, ಕಾರಣ. ಮೆಷಿನ್ ಪಕ್ಕದಲ್ಲೇ ಇರಬೇಕು, ಗಂಟೆಗೊಮ್ಮೆ ಆಪರೇಟರೇ ಬರೆಯಬೇಕು. ಶಿಫ್ಟ್ ಮುಗಿದ ಮೇಲೆ ಎಕ್ಸೆಲ್ಲಿಗೆ ತುಂಬಿಸುತ್ತಿದ್ದಾಗ ಬರುತ್ತಿದ್ದದ್ದೆಲ್ಲ 150, 160, 150. ಬರೀ ಗುಂಡು ಸಂಖ್ಯೆ. ಕಾರಣಕ್ಕೆ ಏಳೇ ಕೋಡು: ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ ಬದಲಿಸುವುದು), ಸೆಟ್ಟಿಂಗ್, ಇನ್‌ಸ್ಪೆಕ್ಷನ್, ಮಾಲು ಇಲ್ಲ, ಕರೆಂಟು, ರಿಪೇರಿ, ಆಳಿಲ್ಲ. ಮೊದಲು ‘ಇತರೆ’ ಅಂತ ಎಂಟನೆಯದೂ ಇತ್ತು, ನಿಂತ ಹೊತ್ತಿನಲ್ಲಿ ಅರ್ಧದಷ್ಟು ಅದರ ಲೆಕ್ಕಕ್ಕೇ ಹೋಗುತ್ತಿತ್ತು. ಅಳಿಸಿ ಹಾಕಿದೆ.

ಮೂರು ವಾರದ ಬೋರ್ಡಿನ ಫೋಟೊ ಕೂಡಿಸಿದಾಗ ಕರೆಂಟೂ ಅಲ್ಲ, ರಿಪೇರಿಯೂ ಅಲ್ಲ, ಇನ್‌ಸ್ಪೆಕ್ಷನ್ ಎಲ್ಲಕ್ಕಿಂತ ಮೇಲೆ ಬಂತು. ಇನ್ಸರ್ಟ್ ಬದಲಾದಾಗಲೆಲ್ಲ ಮೊದಲ ಪೀಸು ಒಪ್ಪಿಗೆಗೆ ಹೋಗಿ 20–25 ನಿಮಿಷ, ಶಿಫ್ಟಿಗೆ ಎರಡು ಸಲ. ಬೋರಿಗೆ ಪ್ಲಗ್ ಗೇಜು, ದಪ್ಪಕ್ಕೆ ಸ್ನ್ಯಾಪ್ ಗೇಜು, ಎರಡಕ್ಕೂ ಸೇರಿ ಏಳು ಸಾವಿರದೊಳಗೆ, ಮೆಷಿನ್ ಬಳಿಯೇ ಇಟ್ಟೆ. ಆಪರೇಟರ್ ಗೇಜು ಹಾಕಿ ಓಡಿಸುತ್ತಲೇ ಇರುತ್ತಾನೆ. ಕ್ಯೂಸಿ (ಗುಣಮಟ್ಟ ಪರೀಕ್ಷಿಸುವವರು) ಒಪ್ಪುವವರೆಗೆ ಬಂದ ಪೀಸೆಲ್ಲ ಹಳದಿ ಟ್ರೇಯಲ್ಲಿ. ಟ್ರೇ ಇಲ್ಲದೆ ಇದನ್ನು ಮಾಡಿದರೆ ರಿಜೆಕ್ಟ್ ಪೀಸು ಒಳ್ಳೆ ಪೀಸಿನ ಬಿನ್ನಿಗೆ ಸೇರಿಹೋಗುತ್ತದೆ.

ಈಗಿನ ಒಂದು ದಿನ: ನಿಂತದ್ದು 75 ನಿಮಿಷ, ಓಡಿದ್ದು 355. ಅವೈಲಬಿಲಿಟಿ (430 ನಿಮಿಷದಲ್ಲಿ ಓಡಿದ್ದು ಶೇಕಡಾ ಎಷ್ಟು) 82.6. ಆದದ್ದು 196, ಪರ್ಫಾರ್ಮೆನ್ಸ್ (95 ಸೆಕೆಂಡಿನ ಲೆಕ್ಕದಲ್ಲಿ ಓಡಿದ ಹೊತ್ತಿಗೆ ಆಗಬೇಕಾದ್ದರಲ್ಲಿ ಆದದ್ದು) 87ರ ಮೇಲೆ. ಆರು ರಿಜೆಕ್ಟ್, ಕ್ವಾಲಿಟಿ (ಆದದ್ದರಲ್ಲಿ ಒಳ್ಳೆ ಪೀಸು) 97ರ ಹತ್ತಿರ. ಮೂರನ್ನೂ ಗುಣಿಸಿದರೆ ಓಇಇ 70. ಹಿಂದೆ 52 ಇತ್ತು. ಪೀಸಿಗೆ 11 ರೂಪಾಯಿ ಜಾಬ್‌ವರ್ಕಿನಲ್ಲಿ ಶಿಫ್ಟಿಗೆ 550 ಹೆಚ್ಚು. ಎಲ್ಲರೂ ಜಪಿಸುವ ಓಇಇ 85ರ ಗೋಜಿಗೆ ನಾನು ಹೋಗಿಲ್ಲ. ಅದು 90, 95, 99 ಗುಣಿಸಿ ಬಂದ ಸಂಖ್ಯೆ, ಫೋರ್ಜಿಂಗ್ ಕೈಯಲ್ಲಿ ಎತ್ತಿ ಹಾಕುವ ಶೆಡ್ಡಿಗೆ ಅಳತೆಯಲ್ಲ. ಬೋರ್ಡಿನಲ್ಲಿ ಸುಳ್ಳು ಬರೆಯದಂತೆ ಇನ್ಸೆಂಟಿವ್ ಸ್ಲ್ಯಾಬ್ ಕಟ್ಟಿದ ಬಗೆ ಮಾತ್ರ ಹೇಳುವುದಿಲ್ಲ, ಪಕ್ಕದ ಶೆಡ್ಡಿನವರೂ ಓದುತ್ತಾರೆ.

ಶಿಫ್ಟಿಗೆ ಮೂರು ಜಾಬ್ ಬದಲಾಗುವ ಐದನೇ ಮೆಷಿನ್ನಿಗೆ ಇದು ಇನ್ನೂ ಕೂತಿಲ್ಲ. ಅಲ್ಲಿ ಪೀಸಿನ ಬದಲು ನಿಮಿಷ ಬರೆಸುತ್ತಿದ್ದೇನೆ: ಆದ ಪೀಸನ್ನು ಆ ಜಾಬಿನ ಸೆಕೆಂಡಿನಿಂದ ಗುಣಿಸಿ 60ರಿಂದ ಭಾಗಿಸಿದ್ದು. ಸಾಫ್ಟ್ ಜಾ (ಮೆತ್ತನೆ ಲೋಹದ ಜಾ) ಜಾಬಿನ ಅಳತೆಗೆ ಬೋರ್ ಮಾಡುವ 40 ನಿಮಿಷವನ್ನು ಸದ್ಯಕ್ಕೆ ಸೆಟ್ಟಿಂಗ್ ನಷ್ಟಕ್ಕೇ ಹಾಕಿದ್ದೇನೆ; ಟಾರ್ಗೆಟ್ಟಿನಿಂದ ಕಳೆದುಬಿಟ್ಟರೆ ಅದನ್ನು 25ಕ್ಕೆ ಇಳಿಸುವ ಗರಜು ಯಾರಿಗೂ ಇರುವುದಿಲ್ಲ.