ಮಾತ್ರೆಯೂ ಮನೆಯವರೂ: ಸಿಗರೇಟು ಬಿಟ್ಟ ನನ್ನ ಅನುಭವ

ಬದಿಯಡ್ಕದ ಸಮೀಪ ಅಡಿಕೆ ತೋಟ ನೋಡಿಕೊಂಡಿರುವ ನಾನು ಕಾಲೇಜು ದಿನಗಳಿಂದಲೂ ಸಿಗರೇಟು ಸೇದುತ್ತಿದ್ದೆ. ಬೆಳಗ್ಗೆ ಮುಖ ತೊಳೆಯುವ ಮೊದಲೇ ಒಂದು ಬೇಕಾಗುತ್ತಿತ್ತು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಲ್ಲಿ ನಿಕೋಟಿನ್ ಚಟ ಆಳವಾಗಿ ಬೇರೂರಿರುತ್ತದೆ, ಬರೀ ಮನೋಬಲವನ್ನು ನೆಚ್ಚಿಕೊಂಡರೆ ಕಷ್ಟ ಎಂದು ಕಾಸರಗೋಡಿನ ವೈದ್ಯರು ತಿಳಿಸಿ, ಮೂತ್ರಪಿಂಡದ ತೊಂದರೆಯಾಗಲಿ ಮಾನಸಿಕ ಕಾಯಿಲೆಯಾಗಲಿ ಇಲ್ಲವೆಂದು ವಿಚಾರಿಸಿಕೊಂಡು, ವರೆನಿಕ್ಲಿನ್ ಮಾತ್ರೆ ಬರೆದುಕೊಟ್ಟರು.

ಸಿಗರೇಟು ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಿ, ಅದಕ್ಕಿಂತ ಒಂದು ವಾರ ಮುಂಚೆ ಈ ಮಾತ್ರೆ ಆರಂಭಿಸಬೇಕು. ಮೊದಲ 3 ದಿನ ಒಂದು ಹೊತ್ತು 0.5 ಮಿಲಿಗ್ರಾಂ, ಮುಂದಿನ 4 ದಿನ ಅದೇ ಪ್ರಮಾಣ ಎರಡು ಹೊತ್ತು, ಆಮೇಲೆ 1 ಮಿಲಿಗ್ರಾಂನಂತೆ ಎರಡು ಹೊತ್ತು. ಒಟ್ಟು 12 ವಾರ. ಮಿದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗದಲ್ಲಿ ಇದು ಕುಳಿತು ಅಲ್ಪ ಪ್ರಚೋದನೆ ನೀಡುವುದರಿಂದ ಚಡಪಡಿಕೆ ತಗ್ಗುತ್ತದೆ, ಸೇದಿದರೂ ಹಿಂದಿನ ಹಿತ ಸಿಗುವುದಿಲ್ಲ. ಮಾತ್ರೆಯ ಆ ಮೊದಲ ವಾರದ ಕೊನೆಗೆ ರುಚಿಸದ ಸಿಗರೇಟನ್ನು ಅರ್ಧಕ್ಕೇ ಆರಿಸಿದಾಗ ನನಗೆ ಧೈರ್ಯ ಬಂತು. ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳೆಸುತ್ತದೆಂದು ಹೆಂಡತಿ ದೋಸೆ ತಿಂದಾದ ಮೇಲೆಯೇ ಮಾತ್ರೆಯನ್ನೂ ತುಂಬಿದ ಲೋಟ ನೀರನ್ನೂ ಮುಂದಿಡುತ್ತಿದ್ದಳು. ವಿಚಿತ್ರ ಕನಸುಗಳು ಬೀಳುತ್ತಿದ್ದವು. ವೈದ್ಯರನ್ನು ಕೇಳಿ ಎರಡನೆಯ ಮಾತ್ರೆಯನ್ನು ಸ್ವಲ್ಪ ಬೇಗ ತೆಗೆದುಕೊಳ್ಳತೊಡಗಿದ ಮೇಲೆ ಕಡಿಮೆಯಾದವು.

ಆದರೆ ಊಟವಾಗಿ ಕೈತೊಳೆದ ಕೂಡಲೇ ಜೇಬು ತಡಕುವ ಅಭ್ಯಾಸಕ್ಕೆ ಮಾತ್ರೆಯಲ್ಲಿ ಮದ್ದಿರಲಿಲ್ಲ. ಆ ಹೊತ್ತನ್ನು ಮಗಳು ವಹಿಸಿಕೊಂಡಳು. "ಅಪ್ಪಾ, ಬನ್ನಿ, ಸ್ವಲ್ಪ ಅಡಿಕೆ ಸುಲಿಯುವ" ಎಂದು ಕರೆದು ಬುಟ್ಟಿಯನ್ನು ನಡುವೆ ಇಡುತ್ತಿದ್ದಳು. ಸುಲಿಯುವಾಗ ಎರಡು ಕೈಗೂ ಕೆಲಸ, ಕಣ್ಣು ಕತ್ತಿಯ ಮೇಲಿರಲೇಬೇಕು. ತಲಬು ಏರಿ ಇಳಿಯುವುದು ಕೆಲವೇ ನಿಮಿಷಗಳಲ್ಲಾದ್ದರಿಂದ ಒಂದು ಬುಟ್ಟಿ ಮುಗಿಯುವಷ್ಟರಲ್ಲಿ ಅದು ಕಳೆದಿರುತ್ತಿತ್ತು. ಮದುವೆ, ಉಪನಯನಗಳಿಗೆ ಹೋದಾಗ ನನ್ನ ತಮ್ಮ ನನ್ನ ಜೊತೆ ಬಿಡುತ್ತಿರಲಿಲ್ಲ. ಅಮ್ಮ ಎಲೆಅಡಿಕೆ ತಟ್ಟೆಯಿಂದ ಹೊಗೆಸೊಪ್ಪನ್ನೇ ತೆಗೆದುಬಿಟ್ಟರು. ನಮ್ಮ ಕಡೆ ಸಿಗರೇಟು ಬಿಟ್ಟವರು ಹೊಗೆಸೊಪ್ಪು ಜಗಿಯತೊಡಗುವುದು ಸಾಮಾನ್ಯ; ಅದರಲ್ಲಿರುವುದೂ ಅದೇ ನಿಕೋಟಿನ್, ಮೇಲಿಂದ ಬಾಯಿ ಕ್ಯಾನ್ಸರಿನ ಅಪಾಯ. ಅಮ್ಮನ ಆ ಒಂದು ಕೆಲಸ ನನಗೆ ಎಷ್ಟೋ ಉಪದೇಶಗಳಿಗಿಂತ ಮಿಗಿಲಾಯಿತು.

ಮೊದಲ ವಾರಗಳಲ್ಲಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ನಿಕೋಟಿನ್ ಬಿಟ್ಟಾಗ ಹೀಗಾಗುವುದು ಸಹಜವೆಂದು ವೈದ್ಯರಿಂದಲೇ ಕೇಳಿ ತಿಳಿದಿದ್ದ ಹೆಂಡತಿ ಮಾತಿಗೆ ಮಾತು ಬೆಳೆಸಲಿಲ್ಲ. "ಇವತ್ತು ಸೇದಿದಿರಾ" ಎಂದು ಮನೆಯಲ್ಲಿ ಯಾರೂ ಕೇಳಲೂ ಇಲ್ಲ, ಜೇಬು ನೋಡಲೂ ಇಲ್ಲ. ಕುಟುಂಬದ ಬೆಂಬಲವೆಂದರೆ ಕಾವಲು ಕಾಯುವುದೆಂದು ತಿಳಿದವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಬಯಕೆ ಅಡಗಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸದೆ 12 ವಾರ ಪೂರೈಸಿದೆ. ವೈದ್ಯರಲ್ಲಿಗೆ ಹೋಗಲು ಹಿಂಜರಿಯುವವರು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಆಗ ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.